ಹಾಲು ಕಟ್ಟಿದ ತೆನೆ

೪ ಸೆಪ್ಟೆಂಬರ್ ೧೯೮೮, ಭಾನುವಾರ

ಈ ಬೊಮ್ಮಯ್ಯನ ಗದ್ದೆಯ ಭತ್ತ ಪುಣೆಗೆ ಹೋಗುತ್ತದೆ. ಕುಮಟೆ, ಹೊನ್ನಾವರ, ಭಟ್ಕಳ, ಮೂರು ತಾಲೂಕಿನಲ್ಲಿ ಇಂಥ ಯೋಗ ಇನ್ಯಾರ ಗದ್ದೆಗೂ ಬಂದದ್ದಿಲ್ಲ. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಯಲ್ಲಿ ನಾನು ಬಿದ್ದೆನೆಂದು ನಗುತ್ತಿದ್ದವರೆಲ್ಲ ಈಗ ಬಂದು ನೋಡಲಿ. ನನ್ನ ಅಕ್ಷರ ಓದಲು ಬಾರದವರನ್ನು ಪರೀಕ್ಷಕರಾಗಿ ಕಳಿಸಿದ್ದು ಆಗಿನ ಬೊಂಬಾಯಿ ಸರಕಾರದ ತಪ್ಪು.

ಸುದ್ದಿ ತಂದವಳು ತಂಗಿ ಹೊನ್ನಮ್ಮನ ಮಗಳು ಲಕ್ಕಿ. ಹೊನ್ನಾವರಕ್ಕೆ ತಾಯಿಯನ್ನು ನೋಡಲು ಬಂದವಳು ಇಂದು ಇಲ್ಲಿಗೂ ಬಂದಳು. ಪುಣೆಯ ದೊಡ್ಡ ಪ್ರಯೋಗಶಾಲೆಯಲ್ಲಿ ಅವಳ ಕೆಲಸ. ಬೇರೊಂದು ಜೀವದ ಗುಣವನ್ನು ಭತ್ತದೊಳಗೆ ಕೂರಿಸುವುದು. ಆ ಗುಣಕ್ಕೆ ಜೀನು ಎನ್ನುತ್ತಾರಂತೆ.

"ಮಾವ, ಜಪಾನಿನ ಭತ್ತ ಗಾಜಿನ ಪಾತ್ರೆಲಿ ಹೇಳ್ದಾಂಗೆ ಕೇಳ್ತದೆ. ನಮ್ಮ ದೇಶದ ಭತ್ತ ಕೇಳೂದಿಲ್ಲ. ಕಗ್ಗ ಕೇಳ್ತದಾ ನೋಡ್ಬೇಕು."

"ಕಗ್ಗ ಸಮುದ್ರದ ಮಾತೇ ಕೇಳೂದಿಲ್ಲ. ನಿನ್ನ ಮಾತು ಕೇಳ್ತದಾ?"

ಹೊಳೆಯ ಬಾಯಿಯ ಗಜನಿ ಗದ್ದೆಗಳಲ್ಲಿ, ಉಪ್ಪುನೀರು ಸೇರಿದ ಕೆಸರಿನಲ್ಲಿ, ಸೊಂಟಮಟ್ಟ ನೀರು ನಿಂತರೂ ತಲೆಯೆತ್ತಿ ನಿಲ್ಲುವ ಭತ್ತ ಕಗ್ಗ ಒಂದೇ. ಕೆಂಪಕ್ಕಿ, ಕಾಳಿಗೆ ಉದ್ದ ಮೀಸೆ. ಗೊಬ್ಬರ ಬೇಡ, ಔಷಧಿ ಬೇಡ, ಯಾರ ಹಂಗೂ ಬೇಡ. ನನ್ನ ಹಾಗೆಯೇ.

ಅಗಲ ಎಲೆಯ ಗಿಡಗಳಿಗಾದರೆ ಕಷ್ಟವಿಲ್ಲವಂತೆ. ಮಣ್ಣಿನಲ್ಲಿ ಒಂದು ಕ್ರಿಮಿ ಇದೆ, ಅದೇ ಒಳಗೆ ನುಗ್ಗಿ ತನ್ನ ಗುಣ ಬಿಟ್ಟು ಬರುತ್ತದೆ. ಹೊಗೆಸೊಪ್ಪಿಗೆ ಹಾಗೆ ಮಾಡಿ ಗೆದ್ದಿದ್ದಾರೆ. ಆದರೆ ಭತ್ತ, ಗೋಧಿ, ಜೋಳ, ಈ ಹುಲ್ಲಿನ ಕುಲದವರ ಮನೆಗೆ ಆ ಕ್ರಿಮಿ ಕಾಲಿಡುವುದಿಲ್ಲ. ಹಾಗಾಗಿ ಅಮೆರಿಕದಲ್ಲಿ ಲೋಹದ ಸಣ್ಣ ಪುಡಿಗೆ ಜೀನು ಸವರಿ ಕೋವಿಯಿಂದ ಹೊಡೆಯುತ್ತಾರಂತೆ.

"ಕೋವಿ ಆದ್ರೆ ನನ್ನ ಕರಿಬೇಕಿತ್ತಲ್ಲೆ," ಎಂದೆ. "ನನ್ನ ಗುರಿ ಗೊತ್ತಲ್ಲ ನಿಂಗೆ."

ನನ್ನ ಹೆಂಡತಿ ಗಂಗೆ ಒಳಗಿನಿಂದ, "ಹಂದಿಗೆ ಹೊಡ್ದದ್ದು ಆಚೆಮನೆ ಎಮ್ಮೆಗೆ ಬಿದ್ದಿತ್ತು, ಅದನ್ನೂ ಹೇಳಿ," ಎಂದಳು. ಲಕ್ಕಿ ನಕ್ಕು ನಕ್ಕು ಚಹಾ ಚೆಲ್ಲಿಕೊಂಡಳು. ಎಮ್ಮೆ ಸತ್ತಿರಲಿಲ್ಲ. ಕಿವಿ ಮಾತ್ರ ಹರಿದಿತ್ತು. ಅದನ್ನು ಯಾರೂ ಹೇಳುವುದಿಲ್ಲ.

ಲಕ್ಕಿಯ ಹತ್ತಿರ ಅಂಥ ಕೋವಿ ಇಲ್ಲ. ಅವರದು ಬೇರೆ ದಾರಿ. ಭತ್ತದ ಒಂದೊಂದು ಜೀವಕೋಶಕ್ಕೂ ಗೋಡೆ ಇರುತ್ತದೆ. ಒಂದು ರಸದಲ್ಲಿ ಇಟ್ಟು ಆ ಗೋಡೆ ಕರಗಿಸುತ್ತಾರೆ. ಗೋಡೆ ಹೋದ ಮೇಲೆ ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಕರೆಂಟು. ಆಗ ಮೈಯಲ್ಲಿ ಸೂಜಿಕಣ್ಣಿನಂಥ ಬಾಗಿಲು ತೆರೆದು ಮುಚ್ಚುತ್ತದೆ. ಆ ಎಡೆಯಲ್ಲಿ ಹೊರಗಿನ ಜೀನು ಒಳಗೆ. ಉಳಿದರೆ ಅದು ಮತ್ತೆ ಗೋಡೆ ಕಟ್ಟಿಕೊಳ್ಳಬೇಕು, ಒಂದು ಎರಡಾಗಬೇಕು, ಗಿಡವಾಗಬೇಕು.

ಇದು ನನಗೆ ತಕ್ಷಣ ಅರ್ಥವಾಯಿತು. ಗಜನಿಯ ಕಟ್ಟೆಗೆ ಹಲಗೆಯ ಬಾಗಿಲಿದೆ. ನೀರೇರುವ ಭರತದ ಹೊತ್ತಿಗೆ ಹಲಗೆ ಎತ್ತಿದರೆ ಸಮುದ್ರ ಮೀನು ತರುತ್ತದೆ. ಒಂದು ಗಳಿಗೆ ಹೆಚ್ಚಾದರೆ ಕಟ್ಟೆಯನ್ನೇ ಒಯ್ಯುತ್ತದೆ. ಇದನ್ನು ಹೇಳಿದಾಗ ಲಕ್ಕಿ, "ಮಾವ, ನಮ್ಮ ಸಾಹೇಬರಿಗಿಂತ ನೀನೇ ಚೆಂದ ಹೇಳ್ತೆ," ಎಂದಳು. ಬರೆದಿಡುತ್ತಿದ್ದೇನೆ.

ಅವಳಿಗೆ ಬೇಕಾದದ್ದು ಬಲಿತ ಭತ್ತವಲ್ಲ, ಹಾಲು ಕಟ್ಟಿದ ತೆನೆ. "ಬಲ್ತ ಕಾಳಿಗೆ ತಾನು ಎಂತ ಆಗ್ಬೇಕು ಅಂತ ಗೊತ್ತಾಗಿರ್ತದೆ ಮಾವ. ಹಾಲುಗಾಳಿನೊಳಗಿನ ಜೀವಕ್ಕೆ ಇನ್ನೂ ಗೊತ್ತಿಲ್ಲ. ಅದನ್ನ ಎತ್ಲಾಗೂ ತಿರುಗ್ಸಬಹುದು."

"ತಕೊ. ಎಷ್ಟು ಬೇಕಾದ್ರೂ ತಕೊ," ಎಂದೆ. ಗಂಗೆ ಆಗ ಬಾವಿಗೆ ಹೋಗಿದ್ದಳು.

೭ ಸೆಪ್ಟೆಂಬರ್

ಮಹಾಬಲನ ಚಹಾದಂಗಡಿಯಲ್ಲಿ ಇಂದು ಕೂರಲು ಜಾಗವಿರಲಿಲ್ಲ. ಎಲ್ಲ ನನ್ನ ಮಾತು ಕೇಳಲು ಬಂದವರು. ಮಳೆ ಹೊಯ್ಯುತ್ತಿತ್ತು ಎಂಬುದೂ ಒಂದು ಕಾರಣವಿರಬಹುದು.

ಕಗ್ಗಕ್ಕೆ ಪುಣೆಯಲ್ಲಿ ಕರೆಂಟು ಹೊಡೆಯುತ್ತಾರೆ, ಮುಂದಿನ ವರ್ಷ ಕತ್ತಲಲ್ಲಿ ಹೊಳೆಯುವ ಅನ್ನ ಉಣ್ಣುತ್ತೀರಿ ಎಂದೆ.

"ಹಾಂಗಾರೆ ಸೀಮೆಎಣ್ಣೆ ಉಳೀತು," ಎಂದ ಮಹಾಬಲ. "ಬಾಯಿ ತೆರೆದ್ರೆ ಆತು, ಮನೆಯೆಲ್ಲ ಬೆಳಕು. ನಿನ್ನ ಬಾಯಿ ಹೇಗೂ ಮುಚ್ಚೂದಿಲ್ಲ."

"ಏಡಿಯ ಗುಣ ಹಾಕ್ಲಿಕ್ಕೂ ಬತ್ತದಂತೆ. ಕದಿಯೂಕೆ ಬಂದವರ ಕೈ ಭತ್ತವೇ ಕಚ್ಚಿ ಹಿಡೀತದೆ," ಎಂದೆ.

ಲಕ್ಕಿ ಹಾಗೆ ಹೇಳಿರಲಿಲ್ಲ. ಅವಳು ಹೇಳಿದ್ದು ಒಂದು ಸಣ್ಣ ಕ್ರಿಮಿಯ ಗುಣ. ಒಂದು ಔಷಧಿಯ ನೀರಿನಲ್ಲಿ ಬೇರೆಲ್ಲ ಸತ್ತರೂ ಆ ಗುಣ ಸೇರಿದ್ದು ಬದುಕುತ್ತದೆ, ಒಳಗೆ ಹೋಯಿತೋ ಇಲ್ಲವೋ ತಿಳಿಯಲು ಅದೊಂದು ಗುರುತು, ಅಷ್ಟೇ. ಆದರೆ ಅಂಗಡಿಯಲ್ಲಿ ಕುಳಿತವರಿಗೆ ಕ್ರಿಮಿ ಸಾಲದು. ಏಡಿ ಬೇಕು.

೧೯ ಸೆಪ್ಟೆಂಬರ್, ಸೋಮವಾರ

ಕಗ್ಗ ಹೂ ಬಿಟ್ಟು ಮುಗಿಯುತ್ತ ಬಂದಿದೆ. ಕಟ್ಟೆಯ ಮೇಲೆ ನಿಂತು ಇನ್ನು ಹತ್ತು ದಿನ ಎಂದು ಲೆಕ್ಕ ಹಾಕುತ್ತಿದ್ದೆ. ಗಂಗೆ ಬುಟ್ಟಿ ಹಿಡಿದು ಬಂದವಳು ಕೇಳಿದಳು.

"ಎಂತಕ್ಕೆ ಹತ್ತು ದಿನ? ಕೊಯ್ಲಿಗೆ ಇನ್ನೂ ತಿಂಗಳದೆ."

ಹೇಳಿದೆ. ಅವಳ ಕೈ ಬುಟ್ಟಿಯ ಮೇಲೆ ನಿಂತಿತು.

"ಲಕ್ಕಿಗೆ ಬಲ್ತದ್ದು ಕೊಡ್ವ. ಮುಡಿಗಟ್ಟಲೆ ಕೊಡ್ವ. ಹಾಲು ಕಟ್ಟಿದ ತೆನೆ ಬಸುರಿ. ಬಸುರಿ ಮೇಲೆ ಕತ್ತಿ ಹಾಕ್ತಾರಾ?"

ಹೊಸ ತೆನೆಯ ಕದಿರು ಮನೆಗೆ ಬಂದು, ಹೊಸಕ್ಕಿ ಉಣ್ಣುವ ಹೊಸ್ತು ಆಗುವವರೆಗೆ ಗಜನಿಗೆ ಕತ್ತಿ ಒಯ್ಯುವ ಕ್ರಮವಿಲ್ಲ, ಅದು ನನಗೂ ಗೊತ್ತು. ಆದರೆ ಇದು ಊಟಕ್ಕೆ ಕೊಯ್ಯುವುದಲ್ಲ, ವಿಜ್ಞಾನ.

"ಗದ್ದೆ ತುಂಬ ತೆನೆ ಅದೆ ಮಾರಾಯ್ತಿ. ಒಂದು ಹಿಡಿ ಹೋದ್ರೆ ಎಂತ ಆಗ್ತದೆ? ಇನ್ನೊಂದು ಹಿಡಿ ಬತ್ತದೆ."

"ಒಂದೇ ಇದ್ದದ್ದು ಹೋದಾಗ್ಲೂ ಹಾಂಗೇ ಹೇಳಿದ್ರಿ. ಇನ್ನೊಂದು ಆಗ್ತದೆ ಅಂದ್ರಿ."

ಬುಟ್ಟಿ ಎತ್ತಿಕೊಂಡು ಹೋದಳು.

ಅದು ಹತ್ತೊಂಬತ್ತು ವರ್ಷದ ಹಿಂದಿನ ಮಾತು. ತುಂಬಿದ ತಿಂಗಳು, ಹೆರಿಗೆಯಾಯಿತು, ಕೂಸು ಅಳಲಿಲ್ಲ. ಆಮೇಲೆ ನಮಗೆ ಮಕ್ಕಳಾಗಲಿಲ್ಲ. ಅದಕ್ಕೂ ಭತ್ತಕ್ಕೂ ಎಂತ ಸಂಬಂಧ ಎಂದು ನನಗೆ ತಿಳಿಯಲಿಲ್ಲ. ಹೆಂಗಸರು ಎಲ್ಲಿಂದಲೋ ಎಲ್ಲಿಗೋ ಗಂಟು ಹಾಕುತ್ತಾರೆ.

೨೯ ಸೆಪ್ಟೆಂಬರ್, ಗುರುವಾರ

ಕೊಟ್ಟ ಮಾತು ಕೊಟ್ಟದ್ದೇ. ಬೆಳಿಗ್ಗೆ ಲಕ್ಕಿ ಹೊನ್ನಾವರದಿಂದ ಮೊದಲ ಬಸ್ಸಿಗೆ ಬಂದಳು. ನಾನು ನೀರಿಗಿಳಿದು ತೆನೆ ಹಿಸುಕಿ ಹಿಸುಕಿ ನೋಡಿದೆ. ಬೆರಳಿಗೆ ಹಾಲು ಬಂದದ್ದನ್ನು ಮಾತ್ರ ಕೊಯ್ದೆ. ಅವಳು ಕಟ್ಟೆಯ ಮೇಲೆ ಒದ್ದೆಬಟ್ಟೆ ಹಾಸಿ, ಒಂದೊಂದನ್ನೂ ಮಲಗಿಸಿ, ಡಬ್ಬಿಗೆ ಹಾಕಿದಳು.

"ಅತ್ತೆ ಒಪ್ಪಿದ್ದಾಳಲ್ಲ ಮಾವ?"

"ಅವಳಿಗೆ ನಿನ್ನ ಕಂಡ್ರೆ ಜೀವ. ಒಪ್ಪದೆ ಎಂತ?"

ಅವಳನ್ನು ಹುಬ್ಬಳ್ಳಿ ಬಸ್ಸಿಗೆ ಹತ್ತಿಸಿ ಮನೆಗೆ ಬಂದೆ. ಗಂಗೆ ನನ್ನ ಕೈಯಿಂದ ಕತ್ತಿ ತೆಗೆದುಕೊಂಡಳು. ಅಲಗಿನ ಮೇಲೆ ಹಾಲು ಬೆಳ್ಳಗೆ ಒಣಗಿತ್ತು.

"ಆತಾ?"

"ಆತು."

ಬಾವಿಕಟ್ಟೆಗೆ ಒಯ್ದು ತುಂಬ ಹೊತ್ತು ತೊಳೆದಳು. ನನಗೆ ಗಂಜಿ ಬಡಿಸಿದಳು. ತಾನು ಉಣ್ಣಲಿಲ್ಲ.

೩೦ ಸೆಪ್ಟೆಂಬರ್

ಗಂಗೆ ತವರಿಗೆ ಹೋದಳು. ತೆಂಗಿನಗುಂಡಿಗೆ, ಅಣ್ಣ ದಾಸನ ಮನೆಗೆ. "ಹೊಸ್ತಿಗೆ ನನ್ನ ಕಾಯ್ಬೇಡಿ" ಎಂದಳು.

ನಾಲ್ಕು ದಿನ ಇದ್ದು ಬರುತ್ತಾಳೆ.

೫ ಅಕ್ಟೋಬರ್

ದಾಸನಿಗೆ ಹೊಸ ಬಲೆ ಬಂದಿದೆ, ಅದಕ್ಕೆ ಸಹಾಯಕ್ಕೆ ಹೋಗಿದ್ದಾಳೆ ಎಂದು ಮಹಾಬಲನಿಗೆ ಹೇಳಿದೆ. ನಿನ್ನೆ ಆಚೆಮನೆಯವರಿಗೆ ನಾಗಿಗೆ ಹುಷಾರಿಲ್ಲ ಎಂದು ಹೇಳಿದ್ದೆ. ನಾಗಿ ದಾಸನ ಹೆಂಡತಿ. ಎರಡು ಸುಳ್ಳೂ ಬಾವಿಕಟ್ಟೆಯಲ್ಲಿ ಒಂದಕ್ಕೊಂದು ಭೇಟಿಯಾಗಿವೆ ಎಂದು ಇಂದು ಗೊತ್ತಾಯಿತು.

ಅಡಿಗೆ ಎಂತ ಮಹಾ ವಿದ್ಯೆ? ತಾರ್ಲೆ ಮೀನಿನ ಸಾರು ಮಾಡಿದೆ. ಇಂಥ ಸಾರು ಗಂಗೆಯೂ ಮಾಡಿದ್ದಿಲ್ಲ. ಉಪ್ಪು ಸ್ವಲ್ಪ ಮುಂದೆ ಹೋಯಿತು. ಬೆಕ್ಕು ಮೂಸಿ ನೋಡಿ ಹೋಯಿತು.

೨೦ ಅಕ್ಟೋಬರ್, ದಸರೆ

ಇಂದು ಎಲ್ಲ ಮನೆಗೂ ಕದಿರು ಬಂತು. ನಾನೂ ಮಿಂದು, ಗದ್ದೆಗೆ ಹೋಗಿ, ತೆನೆಯ ಹಿಡಿಯನ್ನು ತಲೆಯ ಮೇಲಿಟ್ಟುಕೊಂಡು ಮಾತಾಡದೆ ಬಂದೆ. ಕದಿರು ತರುವವನು ದಾರಿಯಲ್ಲಿ ಬಾಯಿ ಬಿಡಬಾರದು. ವರ್ಷದಲ್ಲಿ ನಾನು ಸುಮ್ಮನಿರುವುದು ಈ ಒಂದು ದಾರಿ ಎಂದು ಗಂಗೆ ನಗುತ್ತಿದ್ದಳು.

ಬಾಗಿಲಿಗೆ ಬಂದು ನಿಂತೆ. ಮನೆಯಾಕೆ ಬರಬೇಕು, ಕಾಲಿಗೆ ನೀರು ಹೊಯ್ಯಬೇಕು, ಕದಿರಿಗೆ ಕುಂಕುಮ ಇಡಬೇಕು, ಸೆರಗೊಡ್ಡಿ ಇಳಿಸಿಕೊಳ್ಳಬೇಕು. ಆಮೇಲೆ ಒಳಗೆ ಹೋಗುವುದು. ನಾನು ನಿಂತೇ ಇದ್ದೆ. ಎಷ್ಟು ಹೊತ್ತು ನಿಂತೆನೋ. ತೆನೆಯ ಮೀಸೆ ಕುತ್ತಿಗೆಗೆ ಚುಚ್ಚುತ್ತಿತ್ತು. ಆಚೆಮನೆಯ ಮುದುಕಿ ಹನುಮಕ್ಕ ಬೇಲಿಯಿಂದ ನೋಡಿ, "ಬೊಮ್ಮ, ನಾ ಬತ್ತೆನೋ, ನೀರು ಹೊಯ್ತೆ," ಎಂದಳು. ಬೇಡವೆಂದು ತಲೆಯಾಡಿಸಿದೆ.

ಕಡೆಗೆ ನನ್ನ ಕಾಲಿಗೆ ನಾನೇ ನೀರು ಹೊಯ್ದುಕೊಂಡು ಒಳಗೆ ಬಂದೆ. ಕಂಬಕ್ಕೆ ಕಟ್ಟಿದೆ. ಗಂಟು ಸರಿಯಾಗಿ ಬೀಳಲಿಲ್ಲ.

ಹೊಸಕ್ಕಿ ಪಾಯಸ ಮಾಡಲಿಲ್ಲ. ಒಬ್ಬನಿಗೆ ಎಷ್ಟು ಅಕ್ಕಿ ಹಾಕುವುದು ಎಂದು ತಿಳಿಯಲಿಲ್ಲ.

೧೩ ನವೆಂಬರ್, ಭಾನುವಾರ

ಕೊಯ್ಲು ಮುಗಿಯಿತು. ಇಂದು ತೆಂಗಿನಗುಂಡಿಗೆ ಹೋಗಿ ಬಂದೆ. ಕುಮಟೆಯಿಂದ ಬಸ್ಸು, ಹೊನ್ನಾವರದ ಸೇತುವೆ, ಇಡಗುಂಜಿಗೆ ಹೋಗುವ ಭಕ್ತರ ನೂಕುನುಗ್ಗಲು, ಮತ್ತೆ ಹೆಬಳೆಯ ಕಡೆಯಿಂದ ನಡಿಗೆ. ಇಸ್ತ್ರಿ ಅಂಗಿ ಹಾಕಿದ್ದೆ.

ದಾಸನ ಮನೆಯ ಮುಂದೆ ಬಲೆ ಹರಡಿಕೊಂಡು ಏಳೆಂಟು ಜನ ಕೂತಿದ್ದರು. ಗಂಗೆ ಬಾಗಿಲ ಹತ್ತಿರ ಕಂಬಕ್ಕೆ ಒರಗಿ ಕೂತಿದ್ದಳು. ನನ್ನನ್ನು ನೋಡಿದಳು. ಸಪೂರವಾಗಿದ್ದಾಳೆ. ನಾನು ಏನೋ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಯಾರೋ, "ಪುಣೆ ಭತ್ತದ ಸುದ್ದಿ ಎಂತ ಬೊಮ್ಮಯ್ಯಣ್ಣ?" ಎಂದರು. ಹೇಳಿದೆ. ಕೇಳಿದವರಿಗೆ ಹೇಳದಿದ್ದರೆ ಸರಿಯಲ್ಲ. ಕೋವಿಯ ಕಥೆ ಹೇಳಿದೆ, ಕರೆಂಟಿನದು ಹೇಳಿದೆ.

"ಬೊಮ್ಮಣ್ಣ, ಕರೆಂಟು ಹೊಡೆದ ಅನ್ನ ಉಂಡ್ರೆ ನಮ್ಮ ಬೋಟು ಡೀಸೆಲ್ ಇಲ್ದೆ ಹೋಗ್ತದಾ?" ಎಂದಳು ನಾಗಿ.

"ಬೋಟು ಎಂತಕ್ಕೆ? ಉಂಡವನೇ ಈಜಿ ಗೋವೆ ಮುಟ್ತಾನೆ."

ಎಲ್ಲ ನಕ್ಕರು. ನಾನು ತಿರುಗಿ ನೋಡುವಾಗ ಕಂಬದ ಹತ್ತಿರ ಯಾರೂ ಇರಲಿಲ್ಲ. ಊಟಕ್ಕೂ ಅವಳು ಹೊರಗೆ ಬರಲಿಲ್ಲ. ತಲೆನೋವಂತೆ.

ದಾಸ ರಸ್ತೆಯವರೆಗೆ ಬಂದ. "ಭಾವ, ನೀವು ಎಂತಕ್ಕೆ ಬಂದದ್ದು?" ಎಂದು ಕೇಳಿದ.

"ಒಣಮೀನು ತಕೊಂಡು ಹೋಗ್ಲಿಕ್ಕೆ," ಎಂದೆ.

ಒಳ್ಳೆಯ ಒಣಮೀನು ಸಿಕ್ಕಿತು.

೨ ಡಿಸೆಂಬರ್

ಹಲಗೆ ಎತ್ತಿ ಸಮುದ್ರ ಒಳಗೆ ಬಿಟ್ಟೆವು. ಭತ್ತದ ಬುಡವೆಲ್ಲ ನೀರಿನಡಿ. ಸಿಗಡಿ ಚೆನ್ನಾಗಿ ಬಿದ್ದಿದೆ. ಅರ್ಧ ಬುಟ್ಟಿ ಹನುಮಕ್ಕನಿಗೆ ಕೊಟ್ಟೆ. ಸಿಪ್ಪೆ ಸುಲಿಯುವುದು ನನಗೆ ಬರುವುದಿಲ್ಲ.

೧೧ ಡಿಸೆಂಬರ್

ಬೆಳಿಗ್ಗೆ ಬಾವಿಯ ರಾಟೆ ಕಿರುಗುಟ್ಟಿತು. ಎದ್ದು ಹೋದೆ. ಆಚೆಮನೆಯದು.

೨೩ ಡಿಸೆಂಬರ್

ಲಕ್ಕಿಯ ಕಾರ್ಡು. ಹಾಲುಗಾಳಿನೊಳಗಿನ ಜೀವಗಳು ಬೆಳೆಯುತ್ತಿವೆ. ಎಲೆಯಲ್ಲ, ಬೇರಲ್ಲ, ಸಾಬಕ್ಕಿ ಬೇಯಿಸಿದಂಥ ಬಿಳಿಯ ಗಂಟುಗಳು. ಅವನ್ನು ಪ್ರತಿದಿನ ಹೋಗಿ ನೋಡುತ್ತಾಳಂತೆ, ಹೊಸ ಆಹಾರದ ಪಾತ್ರೆಗೆ ಬದಲಾಯಿಸುತ್ತಾಳಂತೆ. "ಅತ್ತೆಗೆ ಹೇಳು, ಕತ್ತಲಲ್ಲಿ ಬೆಚ್ಚಗೆ ಇಟ್ಟಿದ್ದೇನೆ" ಎಂದು ಬರೆದಿದ್ದಾಳೆ. ಅತ್ತೆ ಇಲ್ಲಿಲ್ಲ ಎಂದು ಅವಳಿಗೆ ಯಾರೂ ತಿಳಿಸಿಲ್ಲ.

ಅಂಗಡಿಗೆ ಹೋದೆ. ಮಹಾಬಲ ಸುದ್ದಿ ಕೇಳಿದ. ಬದುಕಿವೆ ಎಂದೆ.

"ಅಷ್ಟೇನಾ?"

"ಅಷ್ಟೇ."

ಅವನು ನನ್ನ ಮುಖ ನೋಡಿ, "ಹುಷಾರಿದ್ದೆ ಅಲ್ದ?" ಎಂದ.

೯ ಫೆಬ್ರವರಿ ೧೯೮೯

ಭಟ್ಕಳ ಬಸ್ಸಿನ ಕಂಡಕ್ಟರ್ ಪರಿಚಯದವನು. ಅವನ ಕೈಯಲ್ಲಿ ಒಂದು ಚೀಲ ಹೊಸ ಕೆಂಪಕ್ಕಿ ಕಳಿಸಿದ್ದೆ, ದಾಸನ ಹೆಸರಿಗೆ. ಇಂದು ಚೀಲ ತಿರುಗಿ ಬಂತು. ಖಾಲಿ. ಒಗೆದು, ಮಡಚಿ. ಈ ನಮೂನೆ ಅಂಚು ಒಳಗೆ ಹಾಕಿ ಮಡಚುವವಳು ಅವಳೊಬ್ಬಳೇ.

ಹಾಗೇ ಇಟ್ಟಿದ್ದೇನೆ. ಬಿಚ್ಚಿದರೆ ನನಗೆ ಮತ್ತೆ ಹಾಗೆ ಮಡಚಲು ಬರುವುದಿಲ್ಲ.

೧೬ ಮಾರ್ಚ್

ಮಲ್ಲಿಗೆ ಬಳ್ಳಿಗೆ ನೀರು ಹಾಕುತ್ತಿದ್ದೇನೆ. ಮೊದಲು ಹಾಕುತ್ತಿದ್ದವಳು ಅವಳು. ಹೂ ಬಿಡುತ್ತಿದೆ. ಕೊಯ್ಯುವವರಿಲ್ಲದೆ ಅಲ್ಲೇ ಬಾಡುತ್ತದೆ. ಗಂಡಸು ಮಲ್ಲಿಗೆ ಕೊಯ್ದು ಎಂತ ಮಾಡುವುದು?

ಇಂದು ಕೊಯ್ದೆ. ಒಂದು ತಟ್ಟೆಯಲ್ಲಿ ಹಾಕಿ ಅವಳ ಚಾಪೆಯ ಬದಿಗೆ ಇಟ್ಟೆ. ಇದನ್ನು ಎಲ್ಲಿಯೂ ಹೇಳುವ ಹಾಗಿಲ್ಲ.

೨೭ ಏಪ್ರಿಲ್, ಗುರುವಾರ

ಲಕ್ಕಿ ರಜೆಗೆ ಬಂದಿದ್ದಾಳೆ. ಹೊನ್ನಾವರದಲ್ಲಿ ತಾಯಿ ಎಲ್ಲ ಹೇಳಿರಬೇಕು. ಬಂದವಳು ಜಗಲಿಯಲ್ಲಿ ಚಪ್ಪಲಿಯನ್ನೂ ಬಿಡದೆ ನಿಂತಳು.

"ಅತ್ತೆ ಒಪ್ಪಿದ್ದಾಳೆ ಅಂದಿದ್ದೆಯಲ್ಲ ಮಾವ."

ಏನಾದರೂ ಒಂದು ತಮಾಷೆ ಬಾಯಿಗೆ ಬರುತ್ತದೆ ಎಂದು ಕಾದೆ, ಬರಲಿಲ್ಲ. "ಇಲ್ಲ ಮಗಾ, ಒಪ್ಪಿರ್ಲಿಲ್ಲ," ಎಂದೆ.

ಅವಳು ಕೂತಳು. ತಾನಾಗಿ ಹೇಳತೊಡಗಿದಳು. ಬಿಳಿಯ ಗಂಟುಗಳನ್ನು ನೀರಿನಲ್ಲಿ ಬಿಡಿಸಿ, ಗೋಡೆ ಕರಗಿಸಿ, ಕರೆಂಟು ಕೊಟ್ಟಳಂತೆ. ಹೆಚ್ಚಿನವು ಅಲ್ಲೇ ಒಡೆದುಹೋದವು. ಉಳಿದವುಗಳಲ್ಲಿ ಕೆಲವು ಮತ್ತೆ ಗೋಡೆ ಕಟ್ಟಿಕೊಂಡವು. ಆಮೇಲೆ ಔಷಧಿಯ ಪರೀಕ್ಷೆ. ಬೇರೆಲ್ಲ ಕಂದು ಬಣ್ಣಕ್ಕೆ ತಿರುಗಿ ಸತ್ತವು. ಬೆರಳಲ್ಲಿ ಎಣಿಸುವಷ್ಟು ಮಾತ್ರ ಸಾಯಲಿಲ್ಲ.

"ಅಂದ್ರೆ ಹೊರಗಿನ ಜೀನು ಒಳಗೆ ಹೋತು ಮಾವ. ಕಗ್ಗದೊಳಗೆ. ನಾನು ಅವತ್ತು ಊಟ ಮಾಡ್ಲಿಲ್ಲ, ಅಷ್ಟು ಖುಷಿ."

"ಮತ್ತೆ?"

"ಎಲೆ ಬಂತು. ಬೆಳ್ಳಗೆ. ಹಸಿರೇ ಇಲ್ಲ. ಬೆಳಕಲ್ಲಿ ಇಟ್ಟೆ, ಹಸಿರಾಗ್ತದೆ ಅಂತ ಕಾದೆ. ಹಸಿರಿಲ್ದೆ ಅದು ಎಂತ ಉಣ್ತದೆ? ಒಂದು ಮಾತ್ರ ತುದಿಲಿ ಒಂಚೂರು ಹಸಿರಾಗಿತ್ತು. ಅದೂ ಮೊನ್ನೆ ಹೋತು." ಕಣ್ಣೊರೆಸಿಕೊಂಡಳು. "ಒಂದೂ ಉಳೀಲಿಲ್ಲ. ಇನ್ನೊಂದ್ಸಲ ಮಾಡಿ ಅಂತಾರೆ ಸಾಹೇಬ್ರು. ಮಾಡ್ತೆ. ಆದ್ರೆ ಇವು ಇವೇ ಅಲ್ದ?"

ಇನ್ನೊಂದು ಆಗುತ್ತದೆ ಬಿಡು ಎಂದು ನಾನು ಹೇಳಲಿಲ್ಲ. ಯಾಕೆ ಹೇಳಲಿಲ್ಲವೋ. ಅವಳ ಬೆನ್ನ ಮೇಲೆ ಕೈಯಿಟ್ಟು ಕೂತಿದ್ದೆ. ಅವಳು ಅಳುವಷ್ಟು ಹೊತ್ತು ಅತ್ತಳು.

೩೦ ಏಪ್ರಿಲ್

ಮಹಾಬಲನ ಅಂಗಡಿಗೆ ಹೋಗಲಿಲ್ಲ. ಹೋದರೆ ಕೇಳುತ್ತಾರೆ. ಕೇಳಿದರೆ ಏನಾದರೂ ಹೇಳಿ ನಗಿಸಬೇಕಾಗುತ್ತದೆ.

೩ ಮೇ, ಬುಧವಾರ

ತೆಂಗಿನಗುಂಡಿಗೆ ಹೋದೆ. ಹಾಕಿದ ಅಂಗಿಯಲ್ಲೇ ಹೋದೆ. ಗಂಗೆ ಮರಳಿನ ಮೇಲೆ ಚಾಪೆ ಹಾಸಿ ಮೀನು ಒಣಗಿಸುತ್ತಿದ್ದಳು. ಕೈಯಲ್ಲಿ ಕೋಲು, ಕಾಗೆ ಓಡಿಸಲು. ದಾಸ ಕಡಲಿಗೆ ಹೋಗಿದ್ದ. ಅಲ್ಲಿ ಬೇರೆ ಯಾರೂ ಇರಲಿಲ್ಲ.

ಚಾಪೆಯ ಈ ಬದಿಗೆ ಕೂತೆ. ಅವಳು ಬೇಡವೆನ್ನಲಿಲ್ಲ. ಮಗ್ಗುಲು ತಿರುಗಿಸಬೇಕಾದ ಮೀನುಗಳಿದ್ದವು. ಅವಳು ಆ ಕಡೆಯಿಂದ, ನಾನು ಈ ಕಡೆಯಿಂದ ತಿರುಗಿಸಿದೆವು. ಹತ್ತಿರ ಹತ್ತಿರ ಬಂದಾಗ ಅವಳು ತಲೆಯೆತ್ತದೆ ಕೇಳಿದಳು.

"ಆ ಕೂಸುಗಳು ಎಂತಾದ್ವು?"

ಯಾವ ಕೂಸುಗಳು ಎಂದು ನಾನು ಕೇಳಲಿಲ್ಲ.

"ಉಳೀಲಿಲ್ಲ ಗಂಗೆ. ಎಲೆ ಬಂದಿತ್ತು. ಬೆಳ್ಳಗೆ ಬಂತಂತೆ. ಒಂದೂ ಉಳೀಲಿಲ್ಲ."

ಅವಳ ಕೈ ನಿಂತಿತು. ಕಾಗೆ ಬಂದು ಒಂದು ಮೀನು ಎತ್ತಿಕೊಂಡು ಹೋಯಿತು. ಇಬ್ಬರೂ ಓಡಿಸಲಿಲ್ಲ.

"ಲಕ್ಕಿ ಅತ್ತಳಾ?"

"ಅತ್ತಳು. ಇವು ಇವೇ ಅಲ್ದ ಅಂದ್ಳು."

ಗಂಗೆ ತಲೆಯಾಡಿಸಿದಳು. ಆಮೇಲೆ ಕಡಲ ಕಡೆ ನೋಡುತ್ತ, "ನಮ್ಮದನ್ನ ಎಲ್ಲಿ ಇಟ್ರಿ?" ಎಂದಳು.

ಅಂಥ ಕೂಸನ್ನು ಗಂಡಸರು ಒಯ್ಯುತ್ತಾರೆ. ಜಾಗವನ್ನು ತಾಯಿಗೆ ಹೇಳುವ ಕ್ರಮ ನಮ್ಮಲ್ಲಿಲ್ಲ. ಹೇಳಿದರೆ ಮುಂದಿನದೂ ಅದೇ ದಾರಿ ಹಿಡಿಯುತ್ತದೆ ಎನ್ನುತ್ತಾರೆ. ಮುಂದಿನದು ಬರಲಿಲ್ಲ. ಕ್ರಮ ಮಾತ್ರ ಹಾಗೇ ಉಳಿಯಿತು. ಇಷ್ಟು ವರ್ಷ ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

"ಹೊಳೆಯ ಆಚೆ ಬದಿ ನೀರ ನಡುವೆ ಕುದ್ರು ಅದೆಯಲ್ಲ, ಕಾಂಡ್ಲ ಗಿಡ ಇದ್ದದ್ದು. ಅದರ ಮೂಡು ಮೂಲೆಲಿ. ಮಣ್ಣು ಸ್ವಲ್ಪ ಎತ್ತರ ಅದೆ, ಅಲ್ಲಿ."

"ಒಬ್ರೇ ಹೋಗಿದ್ರಾ?"

"ಒಬ್ಬನೇ."

"ತಲೆಲಿ ಕೂದ್ಲು ಇತ್ತಾ?"

"ಇತ್ತು. ತುಂಬ ಇತ್ತು. ಕಪ್ಪು."

ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಶಬ್ದ ಬರಲಿಲ್ಲ, ಬೆನ್ನು ಮಾತ್ರ ಅಲುಗುತ್ತಿತ್ತು. ನನಗೂ ಕಣ್ಣು ಕಾಣಲಿಲ್ಲ. ಬಿಸಿಲು ಜೋರಿತ್ತು, ಮರಳು ಬೇರೆ. ಬಿಸಿಲಿನದಲ್ಲ. ಇಲ್ಲಿಯಾದರೂ ಸರಿಯಾಗಿ ಬರೆಯಬೇಕು.

ಮುಖ ತೆಗೆದ ಮೇಲೆ ಕೇಳಿದಳು. "ನಾಡಿದ್ದು ಅಮಾಸೆ. ಇಳಿತ ದೊಡ್ಡದಿರ್ತದೆ. ನಡ್ಕೊಂಡೇ ಹೋಗ್ಲಿಕ್ಕೆ ಬತ್ತದಾ?"

"ಬತ್ತದೆ," ಎಂದೆ.

೫ ಮೇ, ಶುಕ್ರವಾರ, ಅಮಾವಾಸ್ಯೆ

ಮಧ್ಯಾಹ್ನದ ಬಸ್ಸಿಗೆ ಬಂದಿಳಿದಳು. ಕೈಯಲ್ಲಿ ಚೀಲವಿರಲಿಲ್ಲ. ಮನೆಗೆ ಹೋಗೋಣವೇ ಎಂದು ನಾನು ಕರೆಯಲಿಲ್ಲ. ನೇರ ಹೊಳೆಗೆ ನಡೆದೆವು.

ಸಂಜೆಯ ಹೊತ್ತಿಗೆ ನೀರು ಪೂರ್ತಿ ಇಳಿದಿತ್ತು. ಕೆಸರಿನಲ್ಲಿ ಎಲ್ಲಿ ಕಾಲಿಟ್ಟರೆ ಹುಗಿಯುವುದಿಲ್ಲ ಎಂದು ನನಗೆ ಗೊತ್ತು. ನಾನು ಮುಂದೆ, ನನ್ನ ಹೆಜ್ಜೆಯಲ್ಲಿ ಅವಳು. ಕುದ್ರಿನ ಮೂಡು ಮೂಲೆಗೆ ಹೋಗಿ, ಇಲ್ಲಿ, ಎಂದು ತೋರಿಸಿದೆ.

ಅಲ್ಲಿ ಏನೂ ಇಲ್ಲ. ಅವತ್ತು ಮೊಣಕಾಲೆತ್ತರವಿದ್ದ ಕಾಂಡ್ಲ ಈಗ ತಲೆಗಿಂತ ಎತ್ತರವಾಗಿದೆ. ಬೇರಿನ ಸಂದಿಯಲ್ಲಿ ಸಣ್ಣ ಕೆಂಪು ಏಡಿಗಳು. ಅವಳು ಬಗ್ಗಿ ಮಣ್ಣು ಮುಟ್ಟಿದಳು. ಅಂಗೈಯನ್ನು ಅಲ್ಲೇ ಇಟ್ಟುಕೊಂಡು ಕೂತಳು. ನಾನು ಬದಿಗೆ ನಿಂತೆ.

ಸೂರ್ಯ ಕೆಳಗೆ ಹೋದ. ನೀರು ತಿರುಗಿದ್ದು ನನಗೆ ಮೊದಲು ಗೊತ್ತಾಯಿತು, ಕೆಸರಿನ ಬಣ್ಣ ನೋಡಿದರೆ ತಿಳಿಯುತ್ತದೆ. ಇನ್ನು ಹೊರಡಬೇಕು ಎಂದು ಹೇಳಬೇಕಾದ ಹೊತ್ತು. ಹೇಳಲಿಲ್ಲ. ನೀರು ಪಾದಕ್ಕೆ ಬಂತು, ಹರಡಿಗೆ ಬಂತು. ಅವಳು ಎದ್ದು ನಿಂತು ನೀರನ್ನೇ ನೋಡುತ್ತಿದ್ದಳು, ಅದು ಆ ಜಾಗದ ಮೇಲೆ ಹೇಗೆ ಬರುತ್ತದೆ ಎಂದು. ಮೆಲ್ಲಗೆ ಬಂತು. ಮೊಣಕಾಲಿಗೆ ಬಂದಾಗ ಅವಳು ಸೀರೆ ಎತ್ತಿ ಕಟ್ಟಿದಳು.

"ಆತು. ನಡೀರಿ," ಎಂದಳು.

ಹೊಳೆ ದಾಟಿದ ಮೇಲೆ ಬಲಕ್ಕೆ ಹೋದರೆ ಬಸ್ಸಿನ ರಸ್ತೆ, ಎಡಕ್ಕೆ ನಮ್ಮ ಗಜನಿಯ ಕಟ್ಟೆ, ಮನೆಯ ದಾರಿ. ಈಗ ಅವಳು ಮುಂದಿದ್ದಳು. ನಾನು ಏನೂ ಕೇಳದೆ ಹಿಂದೆ ನಿಂತೆ. ಅವಳು ಎಡಕ್ಕೆ ತಿರುಗಿದಳು.